ಸಾಲು ಸಿಗಲಿಲ್ಲ

ಸಂಜೆ ನಾಲ್ಕೂಕಾಲು, ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸು.
ತೆರೆಯ ಮೇಲೊಂದು ಕೆಂಪು ಪಟ್ಟಿ:
ಸಂರಚನೆಯಲ್ಲಿ ನಮೂದಿಲ್ಲ. ನಿರ್ವಾಹಕರನ್ನು ಸಂಪರ್ಕಿಸಿ.
ನಿರ್ವಾಹಕರು ಯಾರು ಅಂದರೆ
ಹೋದ ಜೂನಿನಿಂದ ನಾನೇ.
ಎರಡು ದಿನದ ತರಬೇತಿ, ಪ್ಲಾಸ್ಟಿಕ್ ಫೋಲ್ಡರು,
ಮೈಸೂರಿನ ಹೋಟೆಲಿನಲ್ಲಿ ಊಟ.

ಹೊರಗೆ ವೇಬ್ರಿಜ್ ದಾಟಿ ನಿಂತಿದೆ ಲಾರಿ,
ಈ ವರ್ಷದ ಮೊದಲ ಪೀಬೆರಿ ಲೋಡು,
ಮುನ್ನೂರ ಇಪ್ಪತ್ತು ಚೀಲ, ಮಂಗಳೂರು ಬಂದರಿಗೆ.
ಬಿಲ್ಲಿಲ್ಲದೆ ಗೇಟು ತೆರೆಯದು,
ನಮೂದಿಲ್ಲದೆ ಬಿಲ್ಲು ಹುಟ್ಟದು.
ಡ್ರೈವರ್ ಆಲಿಕುಟ್ಟಿ ಕಿಟಕಿಗೆ ಮೊಣಕೈ ಊರಿ
ಎಂತ ಮೇಡಂ, ಕಂಪ್ಯೂಟರಿಗೆ ಜ್ವರವಾ ಅನ್ನುತ್ತಾನೆ.
ಜ್ವರವಲ್ಲ ಮಾರಾಯ, ಮರೆವು.

ನೋಯ್ಡಾದ ಹುಡುಗ ಫೋನಿನಲ್ಲಿ ಬಲು ವಿನಯ.
ಬೊಳ್ಳಮ್ಮ ಅವನ ಬಾಯಲ್ಲಿ ಬೋಲಮ್ ಆಗಿ
ಕೊನೆಗೆ ಬರೀ ಮ್ಯಾಮ್ ಆದೆ.
ಲಾಗೌಟ್ ಆಗಿ ಬನ್ನಿ ಅಂದ. ಹೋದೆ, ಬಂದೆ.
ಇನ್ನೊಮ್ಮೆ ಅಂದ. ಇನ್ನೊಮ್ಮೆ.
ಸೊಸೆ ಅಡುಗೆಮನೆಗೂ ಜಗಲಿಗೂ ತಿರುಗಿದ ಹಾಗೆ.
ದೂರು ದಾಖಲಾಗಿದೆ, ನಲವತ್ತೆಂಟು ಗಂಟೆ ಅಂದ.
ಹಡಗಿಗೆ ಹೇಳಪ್ಪ ಅದನ್ನ.

ಕಳೆದದ್ದನ್ನು ಹುಡುಕುವುದು ಸುಲಭ,
ಉಂಗುರಕ್ಕೆ ಉಂಗುರದ ಆಕಾರ.
ಇಲ್ಲದ್ದನ್ನು ಹುಡುಕುವಾಗ
ಇರುವುದನ್ನೆಲ್ಲ ಒಂದೊಂದಾಗಿ ಮುಟ್ಟಿ ಬರಬೇಕು.
ಘಟಕದ ಸಂಖ್ಯೆ ಇದೆ. ಗೋದಾಮು ಇದೆ. ತೆರಿಗೆ ಇದೆ,
ಅದು ಯಾವಾಗಲೂ ಇರುತ್ತದೆ.
ಎಎ ಹಾಕಿದೆ, ಹಸಿರು. ಎ ಹಾಕಿದೆ, ಹಸಿರು.
ಬಿ, ಸಿ, ಕೊನೆಗೆ ಒಡಕಲು ಬಿಟ್ಸ್ ಕೂಡ
ಮರ್ಯಾದೆಯಿಂದ ದಾಟಿ ಹೋಯಿತು.
ಪಿಬಿ ಅಂದರೆ ಮಾತ್ರ
ಕೆಂಪು.

ಪೀಬೆರಿ:
ಹಣ್ಣಿನೊಳಗೆ ಜೋಡಿ ಇರಬೇಕಾದಲ್ಲಿ ಒಂದೇ ಬೀಜ,
ಒತ್ತಿ ಚಪ್ಪಟೆ ಮಾಡಲು ಎದುರಿಗೆ ಯಾರೂ ಇಲ್ಲದೆ
ಗುಂಡಗೆ ಬೆಳೆದದ್ದು.
ಕಾಮಾಕ್ಷಕ್ಕ ಕಣ್ಣು ಮುಚ್ಚಿ ಆರಿಸುತ್ತಾಳೆ ಅದನ್ನು,
ಬೆರಳಿಗೆ ತಾನಾಗಿ ಹೇಳುತ್ತದಂತೆ.

ಕಬ್ಬಿಣದ ಬೀರು ತೆಗೆದೆ.
ಮೂವತ್ತೊಂದು ವರ್ಷ ಇಲ್ಲಿ ಲೆಕ್ಕ ಬರೆದ ಮೇದಪ್ಪನವರ ರಿಜಿಸ್ಟರು,
ನುಸಿಗುಳಿಗೆಯ ವಾಸನೆ.
ದರ್ಜೆಗಳ ಪುಟದ ತುದಿಯಲ್ಲಿ, ಕೆಂಪು ಶಾಯಿ:
ಪಿಬಿ ಬೇರೆಯೇ ಬರೆಯುವುದು. ಯಾರೊಂದಿಗೂ ಸೇರಿಸಬಾರದು.
ಕೆಳಗೆ ಎರಡು ಗೆರೆ.

ಆಗ ನೆನಪಾಯಿತು.
ಹೊಟ್ಟೆ ತಣ್ಣಗಾಯಿತು.

ಜೂನಿನಲ್ಲಿ ಹಾಳೆ ತುಂಬಿದ್ದು ನಾನು.
ಪ್ರತಿ ದರ್ಜೆಗೂ ಎರಡು ಸಾಲು, ಅರೇಬಿಕಾ, ರೊಬಸ್ಟಾ.
ಪಿಬಿಗೆ ಒಂದೇ ಬರೆದಿದ್ದೆ, ಇನ್ನೊಂದು ಆಮೇಲೆ ಎಂದು.
ಯಂತ್ರ ಕೇಳಿತ್ತು, ಮೆಲ್ಲಗೆ, ತಪ್ಪೇನಿಲ್ಲದ ದನಿಯಲ್ಲಿ:
ಜೋಡಿಯಿಲ್ಲದ ಒಂದು ಸಾಲಿದೆ. ಅಳಿಸಲೇ?
ಊಟಕ್ಕೆ ಕರೆದಿದ್ದರು.
ಹೌದು ಒತ್ತಿದ್ದೆ.

ನಮೂದು ಸೇರಿಸಲು ನಾಲ್ಕು ನಿಮಿಷ. ಅರೇಬಿಕಾ. ರೊಬಸ್ಟಾ.
ಕೊನೆಯ ಖಾನೆಯಲ್ಲಿ ಕೈ ನಿಂತಿತು:
ಯಾವ ದಿನದಿಂದ ಜಾರಿ?
ಇವತ್ತಿನಿಂದ ಅಂದರೆ ಜನವರಿಯ ರಾಶಿಯೆಲ್ಲ ಅನಾಥ.
ಹಿಂದಿನ ಜೂನ್ ಒಂದು ಎಂದು ಬರೆದೆ.
ಇನ್ನು ಲೆಕ್ಕದಲ್ಲಿ ಅದು ಮೊದಲಿನಿಂದಲೂ ಇತ್ತು.
ನನ್ನ ಹೌದು ಎಲ್ಲೂ ಇಲ್ಲ.

ಹಸಿರು. ಪ್ರಿಂಟರ್ ಕೆಮ್ಮಿ ಬಿಲ್ಲು ಹೆತ್ತಿತು.
ಆಲಿಕುಟ್ಟಿ ಅದನ್ನು ಜೇಬಿಗೆ ಮಡಚಿ
ಸಂಪಾಜೆ ಘಾಟಿಯಲ್ಲಿ ಮಂಜು ಇಳಿಯುವ ಮೊದಲೇ ಎಂದು ಓಡಿದ.

ರಾತ್ರಿ ಎಂಟಕ್ಕೆ ನೋಯ್ಡಾದಿಂದ ಪತ್ರ:
ಸಮಸ್ಯೆ ತಾನಾಗಿ ಬಗೆಹರಿದಿದೆ. ಕಾರಣ ಆರಿಸಿ.
ತಂತ್ರಾಂಶ, ಜಾಲ, ಬಳಕೆದಾರ, ಇತರೆ.
ಬಾಣ ಬಳಕೆದಾರನ ಮೇಲೆ ಸ್ವಲ್ಪ ಹೊತ್ತು ನಿಂತು
ಇತರೆಗೆ ಇಳಿಯಿತು.

ಮೇದಪ್ಪನವರ ಗೆರೆಗಳ ಕೆಳಗೆ
ನೀಲಿ ಪೆನ್ನಿನಲ್ಲಿ ನಾನೊಂದು ಗೆರೆ ಎಳೆದೆ.
ಮೊಣಕೈ ತಾಗಿ ನಮೂನೆಯ ತಟ್ಟೆ ಅಲುಗಿತು.
ಚಪ್ಪಟೆಯವು ಬಿದ್ದಲ್ಲೇ ಕೂತವು.
ಗುಂಡಗಿನದೊಂದು ಉರುಳಿ, ಉರುಳಿ,
ಕೀಬೋರ್ಡಿನ ಅಡಿಗೆ ಹೋಯಿತು.